ಕಪಾಲಿ ಎದುರುಗಡೆ

"ಕಪಾಲಿ ಎದುರುಗಡೆ ನಿಂತಿರು, ಅಲ್ಲಿಂದ ಚಿಕ್ಕಪೇಟೆಗೆ ಹೋಗೋಣ" ಅಂದರು ಮಾವ ಫೋನಿನಲ್ಲಿ. ಮಗಳ ಮದುವೆಗೆ ಸೀರೆ ತರೋದಿತ್ತು.

"ಮಾವ, ಕಪಾಲಿ ಥಿಯೇಟರ್ ಕೆಡವಿ ಎಷ್ಟೋ ವರ್ಷ ಆಯ್ತಲ್ಲ" ಅಂದೆ.

ಒಂದು ಗಳಿಗೆ ಸುಮ್ಮನಿದ್ದರು. "ಕೆಡವಿದ್ದು ಕಪಾಲೀನ ಕಣೋ. ಎದುರುಗಡೆ ಹಾಗೇ ಇದೆಯಲ್ಲ, ಅಲ್ಲೇ ನಿಂತಿರು" ಅಂದು ಫೋನ್ ಇಟ್ಟರು.

ಇದಕ್ಕೆ ಏನು ಹೇಳೋದು? ಬೆಂಗಳೂರಲ್ಲಿ ಇಂಥ ವಿಳಾಸಗಳೇ ಜಾಸ್ತಿ. ಮೆಜೆಸ್ಟಿಕ್ ಅನ್ನೋದು ಕೂಡ ಒಂದು ಥಿಯೇಟರಿನ ಹೆಸರೇ, ಆ ಥಿಯೇಟರೂ ಈಗಿಲ್ಲ. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟು ಎಷ್ಟೋ ಕಾಲವಾಯಿತು, ಬೋರ್ಡಿನಲ್ಲೂ ಹಾಗೇ ಇದೆ, ಆದರೆ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗೋದು ಮಾತ್ರ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತಲೇ.

ಮಾವನಿಗೆ ಕಪಾಲಿ ಅಂದ್ರೆ ಪ್ರಾಣ. 1968ರಲ್ಲಿ ಶುರುವಾದ ಥಿಯೇಟರು, ಅಗಲವಾಗಿ ಬಾಗಿದ ಸಿನೆರಾಮಾ ಪರದೆ, ಅಷ್ಟು ದೊಡ್ಡ ಹಾಲು. ಕೆಡವಿದ ಮೇಲೆ ಅಲ್ಲಿ ಮಾಲ್ ಎದ್ದಿತು. ಪ್ರತಿ ಹಬ್ಬದ ಊಟದಲ್ಲೂ, ಪಾಯಸ ಬರೋ ಹೊತ್ತಿಗೆ ಸರಿಯಾಗಿ ಅವರ ಮಾತು ಅಲ್ಲಿಗೆ ಬಂದು ನಿಲ್ಲುತ್ತೆ: "ಅದನ್ನ ಹೇಗಿತ್ತೋ ಹಾಗೇ ಮತ್ತೆ ಕಟ್ಟಬೇಕು."

ಹಾಗೇ. ಈ ಒಂದು ಪದದ ಮೇಲೇ ನನಗೆ ಅನುಮಾನ.

ಕಳೆದ ಸಲ ನಾನೂ ಬಾಯಿ ಹಾಕಿದೆ. ಕಟ್ಟೋದೇ ಆದರೆ ಮೆಟ್ರೊಗೆ ಅಂತ ಕೆಡವಿದ ಎಂ.ಜಿ. ರಸ್ತೆಯ ಬುಲೆವಾರ್ಡ್ ಕಾಲುದಾರಿ ಕಟ್ಟಲಿ, ಮರದ ನೆರಳು, ಕಮಾನಿನ ಮೇಲೆ ಕಾಗದದ ಹೂವಿನ ಬಳ್ಳಿ, ಅದರಡಿ ಕಾಸಿಲ್ಲದೆ ಗಂಟೆಗಟ್ಟಲೆ ನಡೆದಾಡಿದ ಸಂಜೆಗಳು ಅಂತೆಲ್ಲ ಶುರು ಮಾಡಿದೆ. ಅಕ್ಕನ ಮಗಳು, ಇಪ್ಪತ್ಮೂರು ವರ್ಷದವಳು, ಅವಳಿಗೆ ಇವೆರಡೂ ಬೇಡ. ರಸ್ತೆ ಅಗಲ ಮಾಡುವಾಗ ಕಾಲೇಜಿನ ಹತ್ತಿರದ ಬೇಕರಿ ಒಡೆದರಂತೆ, ಅದು ವಾಪಸ್ ಬರಬೇಕಂತೆ. ಮಾವ ನಕ್ಕರು. ಬೇಕರಿ ಒಂದು ಹೆಗ್ಗುರುತೇನೇ ಅಂದರು. ನನಗೆ ನಗು ಬರಲಿಲ್ಲ, ಯಾಕಂದ್ರೆ ಆಗ ಲೆಕ್ಕ ಹೊಳೆಯಿತು: ನಾವು ಮೂವರೂ ಕೇಳ್ತಿರೋದು ನಮಗೆ ಇಪ್ಪತ್ತು ವರ್ಷ ಆಗಿದ್ದಾಗಿನ ಊರನ್ನ.

ಅದೇ ತೊಡಕು. ಮತ್ತೆ ಕಟ್ಟೋದು ಅಂದ್ರೆ ಯಾವುದಾದರೂ ಒಂದು ವರ್ಷವನ್ನ ಆರಿಸಬೇಕಲ್ಲ, ಯಾರ ವರ್ಷ? ಬಸ್ ನಿಲ್ದಾಣ ಕೂತಿರೋದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಇರೋ ಕಡೆ ಸಂಪಂಗಿ ಕೆರೆ ಇತ್ತು. ಹಳೇದೇ ಬೇಕು ಅಂದ್ರೆ ಮೊದಲು ನೀರು ತುಂಬಿಸಬೇಕಾಗುತ್ತೆ. ಆದರೆ ಆ ಕೆರೆಗಳಿಗಾಗಿ ಪಾಯಸದ ಹೊತ್ತಲ್ಲಿ ನಿಟ್ಟುಸಿರು ಬಿಡೋರು ಯಾರೂ ಉಳಿದಿಲ್ಲ.

ಬರ್ಲಿನ್ನಿನಲ್ಲಿ ಇದನ್ನ ನಿಜವಾಗಿಯೂ ಮಾಡಿ ನೋಡಿದರು. ಯುದ್ಧದಲ್ಲಿ ಜಖಂ ಆಗಿದ್ದ ಅರಮನೆಯನ್ನ 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಸಿಡಿಸಿ ಬೀಳಿಸಿತು. ಅದೇ ಜಾಗದಲ್ಲಿ 1976ರಲ್ಲಿ 'ಗಣರಾಜ್ಯದ ಅರಮನೆ' ತೆರೆದರು. ಹೆಸರಿಗೆ ಸಂಸತ್ತು, ಆದರೆ ಒಳಗೆ ಹೋಟೆಲು, ಬೌಲಿಂಗ್ ಆಟ, ಕುಣಿತ ಎಲ್ಲ ಇತ್ತು. ಎರಡು ಜರ್ಮನಿ ಒಂದಾದ ಮೇಲೆ ಅದನ್ನೂ ಕೆಡವಿ ಮತ್ತೆ ರಾಜನ ಅರಮನೆ ಕಟ್ಟಿದರು. ಮೂರು ಬದಿ ಹಳೇ ಕೆತ್ತನೆ, ನಾಲ್ಕನೇ ಬದಿ ಇವತ್ತಿನ ಬೋಳು ಗೋಡೆ, ಒಳಗೆ ಮ್ಯೂಸಿಯಂ. ಒಬ್ಬರ ನೆನಪು ಎದ್ದು ನಿಲ್ಲೋಕೆ ಇನ್ನೊಬ್ಬರ ನೆನಪು ಬೀಳಬೇಕಾಯಿತು. ಬೌಲಿಂಗ್ ಆಡಿದವರೂ ಬರ್ಲಿನ್ನಿನವರೇ ತಾನೇ?

ಪೋಲೆಂಡಿನ ವಾರ್ಸಾ ಬೇರೆ ಕಥೆ. ಅಲ್ಲಿ ನಾಜಿಗಳು ಊರನ್ನೇ ಹಟ ಹಿಡಿದು ನೆಲಸಮ ಮಾಡಿದ್ದರು. ಜನ ಹಳೇ ಚಿತ್ರಗಳನ್ನ ಮುಂದಿಟ್ಟುಕೊಂಡು ಹಳೇ ಪೇಟೆಯನ್ನ ಮತ್ತೆ ಎಬ್ಬಿಸಿದರು. ಅದಕ್ಕೆ ನಾನು ಎರಡೂ ಕೈ ಎತ್ತಿ ಹೂಂ ಅಂತೀನಿ. ನಮ್ಮ ಮೇಲೆ ಯಾರೂ ಬಾಂಬು ಹಾಕಲಿಲ್ಲ, ಜೆಸಿಬಿ ತರಿಸಿದ್ದು ನಾವೇ.

ಬುಲೆವಾರ್ಡ್ ವಿಷಯಕ್ಕೆ ಬಂದರೆ, ಅದು ಒಂದು ಥರ ವಾಪಸ್ ಬಂದಿದೆ. ಮೆಟ್ರೊ ಬಂದ ಮೇಲೆ ಅದೇ ಕಡೆ ರಂಗೋಲಿ ಕಲಾ ಕೇಂದ್ರ ಮಾಡಿದರು, ಕೂರಲು ಕಟ್ಟೆ, ಗಿಡ ಎಲ್ಲ ಇದೆ. ಚೆನ್ನಾಗೇ ಇದೆ. ಹೋಗಿ ಕೂತೆ. ಪಕ್ಕದಲ್ಲಿ ಒಂದು ಜೋಡಿ ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳ್ತಾ ಇತ್ತು, ಮೇಲೆ ರೈಲು ಹೋಯಿತು, ಅವರು ತಲೆ ಎತ್ತಲೂ ಇಲ್ಲ. ಅವರಿಗೆ ಇದೇ ಅಸಲಿ, ನಕಲು ಅನ್ನಿಸಿದ್ದು ನನಗೊಬ್ಬನಿಗೆ.

ಅಸಲಿ ಅಂದಾಗ ಮೈಸೂರು ಅರಮನೆ ನೆನಪಾಗುತ್ತೆ. ನಾವು ಭಾನುವಾರ ದೀಪ ಹಚ್ಚೋದನ್ನ ನೋಡಲು ಓಡೋ ಆ ಅರಮನೆಯೂ ಮತ್ತೆ ಕಟ್ಟಿದ್ದೇ. ಅದಕ್ಕೂ ಮುಂಚೆ ಇದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿಗೆ ಹೋಯಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ನನಿಗೆ ಕೆಲಸ ಒಪ್ಪಿಸಿದರು, 1912ಕ್ಕೆ ಮುಗಿಯಿತು. ಹಳೇದರ ಅಚ್ಚು ತೆಗೆಯೋಕೆ ಹೋಗಲಿಲ್ಲ. ಒಮ್ಮೆ ಸುಟ್ಟವರು ಮತ್ತೆ ಮರ ನಂಬಲಿಲ್ಲ, ಕಲ್ಲು, ಕಬ್ಬಿಣ ತಂದರು. ಗುಮ್ಮಟ ಇಟ್ಟರು. ದಸರಾ ಮಾತ್ರ ಅದೇ, ದರ್ಬಾರೂ ಅದೇ.

ಅದೇ ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗಿನಿಂದ ಜಗಳ ನಡೆದಿದೆ. ದುರಸ್ತಿ ಮಾಡಿ ಅಂತ ಒಂದು ಗುಂಪು, ಕೆಡವಿ ಹಾಗೇ ಕಟ್ಟೋಣ ಅಂತ ಇನ್ನೊಂದು. ನಾನು ದುರಸ್ತಿಯ ಕಡೆ. ನಿಂತಿರೋದನ್ನ ಬೀಳಿಸಿ "ಹಾಗೇ" ಕಟ್ಟಿಕೊಡ್ತೀವಿ ಅನ್ನೋದು, ಇರೋ ಹಲ್ಲು ಕಿತ್ತು ಹಲ್ಲುಸೆಟ್ಟು ಕೊಡಿಸ್ತೀವಿ ಅಂದ ಹಾಗೆ. ಸುಣ್ಣದ ಗಾರೆ ಗೋಡೆಯನ್ನ ಸಿಮೆಂಟಿನಲ್ಲಿ ಅದೇ ಆಕಾರಕ್ಕೆ ತರಬಹುದು. ಆದರೆ ಕುಂಕುಮದ ಗೋಪುರ ಮಾಡಿ ಕೂತವರು, ಮೊಳ ಹಾಕಿ ಹೂ ಕೊಡೋರು, ಬಾಳೆಹಣ್ಣಿನ ಸಾಲು, ಇವರೆಲ್ಲ ಅಷ್ಟು ವರ್ಷ ಎಲ್ಲಿರ್ತಾರೆ? ವಾಪಸ್ ಬಂದಾಗ ಬಾಡಿಗೆ ಎಷ್ಟಾಗಿರುತ್ತೆ? ಬೆಂಗಳೂರಿನಲ್ಲಿ ಹೈಕೋರ್ಟ್ ಇರೋ ಅಠಾರ ಕಚೇರಿಗೂ ಎಂಬತ್ತರ ದಶಕದಲ್ಲಿ ಕೆಡವೋ ಗಂಡಾಂತರ ಬಂದಿತ್ತು. ಜನ ಬೇಡ ಅಂದರು, ಉಳಿಯಿತು. ಕೆಂಪಗೆ ಅಲ್ಲೇ ನಿಂತಿದೆ, ಈಗ ಅದರ ಬಗ್ಗೆ ಯಾರೂ ಪಾಯಸ ಆರಿಸಿಕೊಂಡು ಅಳಬೇಕಾಗಿಲ್ಲ.

ಅವತ್ತು ಹೇಳಿದ ಹೊತ್ತಿಗೆ ಹೋಗಿ ನಿಂತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮಾವನ ಸುಳಿವಿಲ್ಲ. ಕೊನೆಗೆ ಫೋನ್ ಬಂತು.

"ಎಲ್ಲಿದ್ದೀಯೋ? ಆಗಲಿಂದ ಕಪಾಲಿ ಎದುರುಗಡೆ ಕಾಯ್ತಿದ್ದೀನಿ!"

"ನಾನು ಮಾಲ್ ಎದುರುಗಡೆ ಇದ್ದೀನಿ ಮಾವ."

"ಯಾವ ಮಾಲು?"

ಆ ಮಾತು ನನಗೆ ಎರಡೆರಡು ಸಲ ಕೇಳಿಸಿತು, ಒಂದು ಫೋನಿನಲ್ಲಿ, ಇನ್ನೊಂದು ಎಳನೀರು ಗಾಡಿಯ ಆಚೆಯಿಂದ.