ಬೀಳಗಿಯ ಕೊರಳು, ಸುಳೇಭಾವಿಯ ಕೊರಳು

ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಕಿವಿ ಮಾತ್ರ ಜಮಖಂಡಿಯಲ್ಲೇ ಉಳಿದಿದೆ ಎಂದು ಮನೆಯವಳು ಹಂಗಿಸುವುದುಂಟು. ಅದು ಅರ್ಧ ನಿಜ. ಎರಡೂ ಊರುಗಳ ಕಿವಿ ನನ್ನೊಳಗಿವೆ, ಮತ್ತು ಅವೆರಡೂ ಜಗಳಕ್ಕೆ ನಿಲ್ಲುವುದು ಒಬ್ಬರು ಹಾಡಿ ಹೆಸರಾದ ಹಾಡನ್ನು ಇನ್ನೊಬ್ಬರು ಹಾಡಿದಾಗ. ಈಗಿನ ಹುಡುಗರು ಇದನ್ನು ಕವರ್ ಎನ್ನುತ್ತಾರೆ. ಪುಣೆಯಲ್ಲಿ ಅಂಥ ಹಾಡು ಕೇಳಿದವರು ಮೊದಲು ವಿಚಾರಿಸುವುದು ಮೂಲದಲ್ಲಿ ಇದನ್ನು ಹಾಡಿದವರು ಯಾರು ಎಂದು. ನಾನು ಬೆಳೆದ ಕಡೆ ವಿಚಾರಿಸುತ್ತಿದ್ದದ್ದು ಇದು ಯಾವ ಊರಿನ ಧಾಟಿ ಎಂದು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ಸಣ್ಣದಲ್ಲ.

ಕವರ್ ಎಂಬ ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕುತ್ತಿದ್ದರು. ಮರಾಠಿಯವರು ಅದನ್ನೇ ಚಾಲ್ ಎಂದು ಬರೆದರು. ಸಾಹಿತ್ಯ ಹೊಸದು, ಮಟ್ಟು ಸಾಲದ್ದು, ಸಾಲ ಕೊಟ್ಟವರ ಹೆಸರು ತಲೆಯ ಮೇಲೆಯೇ ಇರುತ್ತಿತ್ತು. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1882ರ ಅವರ ‘ಸೌಭದ್ರ’ದಲ್ಲಿ ಕರ್ನಾಟಕಿ ಚಾಲ್ ಎಂದು ಗುರುತಿಸಿಕೊಳ್ಳುವ ಮಟ್ಟುಗಳಿಗೆ ಕೊರತೆಯಿಲ್ಲ. ಪುಣೆಯ ಗೆಳೆಯರ ಮುಂದೆ ಈ ಮಾತು ತೆಗೆಯುವಾಗ ನನಗೆ ತುಸು ಜಂಬ ಬರುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ನನ್ನ ಮೆಚ್ಚಿನ ಮರುಹಾಡಿಕೆಗಳ ವಿಷಯ ಬಂದರೆ ಬಾಲಗಂಧರ್ವರಿಂದಲೇ ಶುರು ಮಾಡಬೇಕು. ಸ್ತ್ರೀಪಾತ್ರ ಮಾಡುತ್ತ ಮರಾಠಿ ರಂಗಭೂಮಿಯನ್ನು ದಶಕಗಳ ಕಾಲ ಆಳಿದ ನಾರಾಯಣ ಶ್ರೀಪಾದ ರಾಜಹಂಸರ (1888–1967) ಪದಗಳನ್ನು ಹಾಡದ ಗಾಯಕರು ಇಲ್ಲಿ ವಿರಳ. ಆ ಪದಗಳನ್ನು ಎರಡು ಬೇರೆ ದಾರಿಯಲ್ಲಿ ಹಾಡಿ ತೋರಿಸಿದ ಇಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು, ಒಬ್ಬರು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು, ಇನ್ನೊಬ್ಬರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು.

ಬೀಳಗಿಯವರು ಗೋಹರಬಾಯಿ ಕರ್ನಾಟಕಿ. ತಂಗಿ ಅಮೀರಬಾಯಿ ಹಿಂದಿ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದರೆ, ಅಕ್ಕ ಗೋಹರ್ ಬಾಲಗಂಧರ್ವರ ಶೈಲಿಯನ್ನೇ ಕೊರಳಿಗೆ ಇಳಿಸಿಕೊಂಡು ಹಾಡಿ ಹೆಸರಾದರು, ಮುಂದೆ ಅವರ ಕಂಪನಿಯನ್ನೇ ಸೇರಿದರು, ಕೊನೆಯವರೆಗೆ ಅವರ ಸಂಗಾತಿಯಾಗಿ ಉಳಿದರು. ಅವರ ಹಳೆಯ ಧ್ವನಿಮುದ್ರಿಕೆ ಕೇಳಿದರೆ ಆ ಎಳೆತ, ಸಾಲಿನ ಕೊನೆಯಲ್ಲಿ ಸ್ವರವನ್ನು ಮೃದುವಾಗಿ ಕೈಬಿಡುವ ರೀತಿ, ಎಲ್ಲವೂ ಬಾಲಗಂಧರ್ವರದೇ. ಹೆಂಗಸಿನ ಪಾತ್ರ ಮಾಡುವ ಗಂಡಸು ಹಾಡಿದ್ದನ್ನು ಒಬ್ಬ ಹೆಂಗಸು ಅವನಂತೆಯೇ ಹಾಡುವುದರಲ್ಲಿ ಒಂದು ವಿಚಿತ್ರವಾದ ಸೊಗಸಿದೆ. ಅದನ್ನು ಬರೀ ನಕಲು ಎಂದು ತಳ್ಳಿಹಾಕುವವರ ಜೊತೆ ನಾನು ವಾದಕ್ಕಿಳಿಯುತ್ತೇನೆ. ಅಷ್ಟು ಹತ್ತಿರದಿಂದ ಹಾಡಬೇಕಾದರೆ ಎಷ್ಟು ದಿನ ಎಷ್ಟು ಭಕ್ತಿಯಿಂದ ಕೇಳಿರಬೇಕು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಸುಳೇಭಾವಿಯವರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವರು (1924–1992). ಇವರ ಕಥೆ ಶುರುವಾಗುವುದೂ ನಕಲಿನಿಂದಲೇ. ದೊಡ್ಡ ದೊಡ್ಡ ಉಸ್ತಾದರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ, ತಾನಗಳ ಕುಸುರಿಯೊಂದಿಗೆ ಯಥಾವತ್ತಾಗಿ ಒಪ್ಪಿಸುತ್ತಿದ್ದ ಆ ಮಗುವನ್ನು ಕಂಡು ಬೆರಗಾಗಿಯೇ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟದ್ದು. ಆಮೇಲೆ ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿಕೆ, ಕ್ಷಯ, ದೇವಾಸದಲ್ಲಿ ವರ್ಷಗಟ್ಟಲೆ ಮೌನ. ಆ ಕಾಯಿಲೆಯ ಹಾಸಿಗೆಯಿಂದ ಎದ್ದ ಮೇಲೆ ಅವರು ಯಾರ ಹಾಡನ್ನೂ ಯಥಾವತ್ತಾಗಿ ಒಪ್ಪಿಸಲಿಲ್ಲ. ಬಾಲಗಂಧರ್ವರ ಪದಗಳನ್ನು ಎತ್ತಿಕೊಂಡಾಗ ಆ ಪ್ರಸ್ತುತಿಗೆ ‘ಮಲಾ ಉಮಜಲೇಲೇ ಬಾಲಗಂಧರ್ವ’ ಎಂದು ಹೆಸರಿಟ್ಟರು, ‘ನನಗೆ ತಿಳಿದ ಬಾಲಗಂಧರ್ವ’ ಎಂದು. ಆ ಶೀರ್ಷಿಕೆಯ ಮೊದಲ ಪದ ನನಗೆ ಬಹಳ ಇಷ್ಟ. ಅದರಲ್ಲಿ ವಿನಯವೂ ಇದೆ, ಹಟವೂ ಇದೆ. ಬಾಲಗಂಧರ್ವರು ಹರಿಯಬಿಟ್ಟ ಸಾಲನ್ನು ಕುಮಾರರು ತಮ್ಮ ಗಿಡ್ಡ ಉಸಿರಿಗೆ ತಕ್ಕಂತೆ ತುಂಡು ಮಾಡುತ್ತಾರೆ, ಒಂದು ಅಕ್ಷರದ ಮೇಲೆ ಥಟ್ಟನೆ ಏರಿ, ಅಲ್ಲಿಯೇ ಬಿಟ್ಟು, ಒಂದು ಕ್ಷಣ ತಂಬೂರಿಯನ್ನಷ್ಟೇ ಕೇಳಿಸುತ್ತಾರೆ. ಆ ಖಾಲಿ ಜಾಗದಲ್ಲಿ ನನಗೆ ಬಾಲಗಂಧರ್ವರೇ ಕೇಳಿಸುತ್ತಾರೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಎಂಬತ್ತು ದಾಟಿದ ಹಿರಿಯರೊಬ್ಬರಿಗೆ ಇದು ಕೇಳಿಸುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾನು ಬಾಗಿಲು ತೆರೆದಿಟ್ಟು ಈ ಹಾಡು ಹಾಕಿದ್ದಾಗ ಅವರು ಹಾಲಿನ ಪಾಕೀಟು ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತು ಪೂರ್ತಿ ಕೇಳಿದರು. ಚೆನ್ನಾಗಿದೆ, ಆದರೆ ಇದು ಆ ಪದ ಅಲ್ಲ ಎಂದು ಹೇಳಿ, ಎರಡನೆಯ ಸಾಲು ಹೇಗಿರಬೇಕಿತ್ತು ಎಂಬುದನ್ನು ನಡುಗುವ ದನಿಯಲ್ಲಿ ಹಾಡಿ ತೋರಿಸಿ ಮೆಟ್ಟಿಲೇರಿದರು. ಪುಣೆಯ ಈ ಕಟ್ಟುನಿಟ್ಟನ್ನು ನಾನು ಗೌರವಿಸುತ್ತೇನೆ. ನೂರು ವರ್ಷದ ಹಿಂದಿನ ಒಂದು ಹರಕತ್ತು, ಸ್ವರದ ಒಂದು ಸಣ್ಣ ಕೊಂಕು, ಇಂದಿಗೂ ಅಳಿಯದೆ ಉಳಿದಿದ್ದರೆ ಅದು ಇಂಥವರಿಂದ.

ಕಾನೂನು ಕೂಡ ಈ ಹಿರಿಯರ ಪಕ್ಷದಲ್ಲೇ ಇದೆ ಎಂಬುದು ತಮಾಷೆ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 31ಸಿ ಕಲಮಿನ ಪ್ರಕಾರ, ಒಂದು ಹಾಡು ಮೊದಲು ಧ್ವನಿಮುದ್ರಣಗೊಂಡ ವರ್ಷ ಮುಗಿದು 5 ವರ್ಷ ಕಳೆದ ಮೇಲೆ, ಮುಂಚಿತವಾಗಿ ತಿಳಿಸಿ, ನಿಗದಿಯಾದ ಗೌರವಧನ ಕಟ್ಟಿ ಯಾರು ಬೇಕಾದರೂ ಅದರ ಕವರ್ ಮುದ್ರಿಸಬಹುದು. ಆದರೆ ಮಾಲೀಕರು ಒಪ್ಪದ ಬದಲಾವಣೆ ಮಾಡುವಂತಿಲ್ಲ, ತಾಂತ್ರಿಕವಾಗಿ ಅನಿವಾರ್ಯವಾದಷ್ಟನ್ನು ಬಿಟ್ಟು. ಅಂದರೆ ಈ ಕಲಮಿನ ಬಾಗಿಲಲ್ಲಿ ಗೋಹರಬಾಯಿ ಸಲೀಸಾಗಿ ಒಳಗೆ ಹೋಗುತ್ತಾರೆ, ಕುಮಾರರು ಹೊರಗೆ ನಿಲ್ಲುತ್ತಾರೆ.

ಭೀಮಸೇನ ಜೋಶಿಯವರ ಹೆಸರು ಹೇಳದಿದ್ದರೆ ಪುಣೆಯಲ್ಲೂ ಗದಗಿನಲ್ಲೂ ನನಗೆ ಉಳಿಗಾಲವಿಲ್ಲ. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ‘ಪಿಯಾ ಬಿನ ನಾಹಿ ಆವತ ಚೈನ’ ಎಂಬ ಠುಮರಿಯ ತಟ್ಟೆ ಹುಡುಗನಾಗಿದ್ದ ಅವರನ್ನು ಮನೆ ಬಿಡಿಸಿತು. ಮುಂದೆ ಅದೇ ಠುಮರಿಯನ್ನು ಅವರು ಹಾಡಿದಾಗ ಖಾನಸಾಹೇಬರ ಸೂಜಿಮೊನೆಯಂಥ ದನಿಯನ್ನು ಅನುಕರಿಸಲು ಹೋಗಲಿಲ್ಲ, ತಮ್ಮ ಭಾರವಾದ ದನಿಯಲ್ಲೇ ಹಾಡಿದರು. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವೂ ಹಾಗೆಯೇ. ಕರ್ನಾಟಕ ಪದ್ಧತಿಯವರು ಮಧ್ಯಮಾವತಿಯಲ್ಲಿ ಹಾಡುವ ಆ ಪದವನ್ನು ಪುಣೆಯವರು ಭೀಮಸೇನರ ಹಾಡೆಂದೇ ತಿಳಿದಿದ್ದಾರೆ, ದೀಪಾವಳಿಗೆ ಕನ್ನಡ ಬಾರದ ನಮ್ಮ ನೆರೆಹೊರೆಯ ಹೆಣ್ಣುಮಕ್ಕಳು ಅವರ ಧಾಟಿಯಲ್ಲೇ ಗುನುಗುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಇನ್ನು ಊರಿನ ಮಾತು. ನಮ್ಮ ಓಣಿಯ ಭಜನಾ ಮೇಳದಲ್ಲಿ ಕಾಕಾನದು ಪೇಟಿ, ಅಂದರೆ ಹಾರ್ಮೋನಿಯಂ, ಉಳಿದವರದು ತಾಳ, ದಮ್ಮಡಿ, ಏಕತಾರಿ. ಶ್ರಾವಣ ಮಾಸದಲ್ಲಿ ರಾತ್ರಿ ಊಟವಾದ ಮೇಲೆ ಕೂತರೆ ಶಿಶುನಾಳ ಶರೀಫರ (1819–1889) ಪದಗಳು ಒಂದರ ಹಿಂದೊಂದು ಬರುತ್ತಿದ್ದವು. ಪದ ಯಾರದೆಂದು ಅಂಕಿತ ಹೇಳುತ್ತಿತ್ತು, ಧಾಟಿ ಮಾತ್ರ ಊರಿನದು. ತೇರದಾಳದ ಮೇಳದವರು ಬಂದರೆ ಅದೇ ‘ಕೋಡಗನ ಕೋಳಿ ನುಂಗಿತ್ತ’ ಬೇರೆ ನಡೆಯಲ್ಲಿ ಬರುತ್ತಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಎಲ್ಲವೂ ಕವರ್, ಮೂಲವೇ ಇಲ್ಲ ಎನ್ನಬಹುದಾದ ಸ್ಥಿತಿ ಅದು. ಆಮೇಲೆ ಸಿ. ಅಶ್ವಥ್ ಅವರ ಕ್ಯಾಸೆಟ್ಟುಗಳು ಬಂದವು, 1990ರಲ್ಲಿ ಶರೀಫರ ಸಿನಿಮಾ ಬಂತು. ಅಶ್ವಥ್ ಹಾಡಿದ್ದು ಅದ್ಭುತವಾಗಿತ್ತು, ಸಂಕಟ ಇರುವುದೂ ಅಲ್ಲಿಯೇ. ಅವರ ಸಂಯೋಜನೆಯೇ ಎಲ್ಲರಿಗೂ ಮೂಲವಾಗಿಬಿಟ್ಟಿತು. ರಘು ದೀಕ್ಷಿತರು 2008ರ ಆಲ್ಬಮ್ಮಿನಲ್ಲಿ ಗಿಟಾರು, ಪಿಟೀಲು ಇಟ್ಟುಕೊಂಡು ‘ಗುಡುಗುಡಿಯಾ ಸೇದಿ ನೋಡೋ’ ಹಾಡಿದಾಗ ಶರೀಫರನ್ನು ಕೆಡಿಸಿದರು ಎಂದು ಗೊಣಗಿದ ನನ್ನ ಗೆಳೆಯರು ವಾಸ್ತವದಲ್ಲಿ ಕಾಪಾಡುತ್ತಿದ್ದದ್ದು ಕ್ಯಾಸೆಟ್ಟಿನ ನೆನಪನ್ನು. ಶರೀಫರು ಸ್ವತಃ ಯಾವ ಧಾಟಿಯಲ್ಲಿ ಹಾಡಿದರೆಂದು ಕೇಳಿದವರು ಯಾರಿದ್ದಾರೆ? ಬೆಳಗಾವಿಯ ಗಣೇಶ ಚವತಿಯ ಆರ್ಕೆಸ್ಟ್ರಾಗಳಲ್ಲೂ ಈಗ ಗಾಯಕನಿಗೆ ಸಿಗುವ ದೊಡ್ಡ ಮೆಚ್ಚುಗೆ ಎಂದರೆ ‘ಥೇಟ್ ಅವರಂಗ ಹಾಡ್ತಾನ’ ಎಂಬುದು. ಹೀಗೆ ಪುಣೆಯ ಪ್ರಶ್ನೆ ನಮ್ಮೂರಿಗೆ ಹೋಗಿ ಕುಳಿತಿದೆ, ನಮ್ಮೂರಿನ ಸಲಿಗೆ ಕುಮಾರರ ಮೂಲಕ ಪುಣೆಗೆ ಬಂದಿದೆ, ಮತ್ತು ಊರಿನಲ್ಲಿದ್ದಾಗ ನಾನು ಬೆಲೆ ಕೊಡದೆ ಬಿಟ್ಟಿದ್ದನ್ನು ಇಲ್ಲಿ ದುಡ್ಡು ಕೊಟ್ಟು ಸಭಾಗೃಹದಲ್ಲಿ ಕೇಳುತ್ತಿದ್ದೇನೆ.

ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ಮೇಳದ ಹೊಸ ಹುಡುಗನೊಬ್ಬ ಮೊಬೈಲಿನಲ್ಲಿ ಅಶ್ವಥರ ಹಾಡು ಹಚ್ಚಿ ಕಾಕಾನಿಗೆ ಸ್ವರ ಹುಡುಕಲು ಹೇಳುತ್ತಿದ್ದ. ಕಾಕಾ ಪೇಟಿಯ ಭಾತಿ ಒತ್ತುತ್ತ, ‘ಅದು ಅವರ ಧಾಟಿ, ನಮ್ಮದು ಬ್ಯಾರೆ ಐತಿ’ ಎಂದಷ್ಟೇ ಹೇಳಿ ಹುಡುಗನಿಗೆ ಬೇಕಾದ್ದನ್ನು ನುಡಿಸಿದ. ಮರುದಿನ ಮಧ್ಯಾಹ್ನ ನಾನು ಕಾಕಾನನ್ನು ಒಬ್ಬನನ್ನೇ ಪಡಸಾಲೆಯಲ್ಲಿ ಕೂಡಿಸಿ, ‘ನಮ್ಮದು ಅಂದ್ಯಲ್ಲ ಕಾಕಾ, ಅದನ್ನ ಹಾಡು, ರೆಕಾರ್ಡ್ ಮಾಡಿಕೋತೀನಿ’ ಎಂದೆ. ಹಾಡಿದ. ಹೊರಗೆ ಟ್ರ್ಯಾಕ್ಟರ್ ಹೋದದ್ದರಿಂದ ಇನ್ನೊಮ್ಮೆ ಹಾಡಿಸಿದೆ; ಪಲ್ಲವಿಯ ಎತ್ತುಗಡೆಯೇ ಬೇರೆಯಾಗಿತ್ತು. ಮೂರನೆಯ ಸಲ ಹಾಡಿದಾಗ ನಡೆಯೂ ಬದಲಾಯಿತು. ಇವುಗಳಲ್ಲಿ ನಮ್ಮದು ಯಾವುದು ಎಂದು ಕೇಳಿದ್ದಕ್ಕೆ ಕಾಕಾ ಪೇಟಿಯ ಭಾತಿ ಮುಚ್ಚಿ ಕೊಂಡಿ ಹಾಕುತ್ತ, ‘ಯಾವುದರ ಒಂದು ಇಟ್ಕೋ ತಮ್ಮಾ, ಚಾ ಆರಾಕತ್ತೈತಿ’ ಎಂದ. ಮೂರನ್ನೂ ಇಟ್ಟುಕೊಂಡಿದ್ದೇನೆ.