ಕೈ ಬಿಗಿ ಮೇಡಂ

ಉತ್ತರಪತ್ರಿಕೆ ತಿದ್ದೋ ವ್ಯಾಲ್ಯುಯೇಷನ್ ಕ್ಯಾಂಪ್‌ನಲ್ಲಿ ನನಗೊಂದು ಅಡ್ಡಹೆಸರಿದೆ, 'ಕೈ ಬಿಗಿ ಮೇಡಂ' ಅಂತ. ಹದಿನೈದು ಅಂಕದ ಪ್ರಶ್ನೆಗೆ ಆರು ಪುಟ ಚೆಂದವಾಗಿ ಬರೆದಿದ್ದರೂ ನನ್ನ ಕೆಂಪು ಪೆನ್ನು ಹತ್ತೂವರೆ ದಾಟೋದು ಅಪರೂಪ. ನಮ್ಮ ಮೇಷ್ಟ್ರೂ ಹಾಗೇ ಇದ್ದರು. "ಹಿಸ್ಟರಿಗೆ ಯಾರಾದ್ರೂ ತೊಂಬತ್ತು ಕೊಡ್ತಾರೇನ್ರೀ?" ಅನ್ನೋದು ನಮ್ಮ ಸ್ಟಾಫ್ ರೂಮಿನ ಹಳೇ ಮಾತು. ಇಷ್ಟು ವರ್ಷ ಇದನ್ನ ಹೆಮ್ಮೆಯಿಂದಲೇ ಹೇಳ್ಕೊಂಡು ತಿರುಗಿದ್ದೀನಿ.

ಈಗ ಯಾಕೋ ಗಂಟಲಲ್ಲಿ ಸಿಕ್ಕಿಕೊಳ್ತಿದೆ. ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಬಿ.ಎ.ನಲ್ಲಿ ಯೂನಿವರ್ಸಿಟಿಗೇ ಮೊದಲ ರ‍್ಯಾಂಕ್ ಬಂದಳು. ಕನ್ನಡ ಮಾಧ್ಯಮ, ದಿನಾ ಎರಡು ಬಸ್ ಹತ್ತಿ ಬರ್ತಿದ್ದವಳು. ಶೇಕಡಾ 81. ಎಂ.ಎ. ಸೇರಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಪಿಜಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದಳು. ಸಿಗಲಿಲ್ಲ. ಬೇರೆ ಕಡೆ ಓದಿದ, 91 ಪರ್ಸೆಂಟ್ ಇರೋ ಅವಳ ಹಾಸ್ಟೆಲ್ ಗೆಳತಿಗೆ ಸಿಕ್ಕಿತು. ಆ ಮಗುವಿನ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ, ಅವಳೂ ಜಾಣೆಯೇ ಇರಬೇಕು. ನನ್ನ ತಕರಾರು ಬೇರೆ.

ಯೋಜನೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಮೊದಲು ಯುಜಿಸಿಯಲ್ಲಿ ರ‍್ಯಾಂಕ್ ಬಂದವರಿಗೇ ಅಂತ ಒಂದು ಸ್ಕಾಲರ್‌ಶಿಪ್ ಇತ್ತು. ಡಿಗ್ರಿಯಲ್ಲಿ ತಮ್ಮ ಯೂನಿವರ್ಸಿಟಿಗೆ ಒಂದನೇ, ಎರಡನೇ ರ‍್ಯಾಂಕ್ ಬಂದವರು ಪಿಜಿ ಸೇರಿದರೆ ತಿಂಗಳಿಗೆ 3,100 ರೂಪಾಯಿ. ಒಬ್ಬಳೇ ಮಗಳಾದ ಹುಡುಗಿಯರಿಗೆ ಇನ್ನೊಂದು ಇತ್ತು, ವರ್ಷಕ್ಕೆ 36,200. ಇಂಥ ಹಳೆಯವನ್ನೆಲ್ಲ ಒಟ್ಟು ಮಾಡಿ 2023ರಲ್ಲಿ ಒಂದೇ ಯೋಜನೆ ತಂದರು. ತಿಂಗಳಿಗೆ 15,000, ವರ್ಷದಲ್ಲಿ ಹತ್ತು ತಿಂಗಳು, ಎರಡು ವರ್ಷ. ಅಂದರೆ ಒಟ್ಟು ಮೂರು ಲಕ್ಷ. ದೇಶಕ್ಕೆಲ್ಲ ಸೇರಿ 10,000 ಜನಕ್ಕೆ, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ. (ನನ್ನ ಕ್ಲಾಸಿನಲ್ಲಿ ಗಂಡುಹುಡುಗರನ್ನ ಹುಡುಕಬೇಕು, ಆ ಮಾತು ಇನ್ನೊಂದು ದಿನ.)

ದುಡ್ಡು ಐದು ಪಟ್ಟು ಹತ್ತಿರ ಆಯ್ತು, ಒಳ್ಳೇದೇ. 3,100ರಲ್ಲಿ ಮೆಸ್ ಬಿಲ್ಲೂ ಮುಗೀತಿರಲಿಲ್ಲ. ಆದರೆ ದುಡ್ಡು ಹೆಚ್ಚಿಸುವಾಗ ಅಳತೆಗೋಲನ್ನೂ ಬದಲಾಯಿಸಿಬಿಟ್ಟರು. ರ‍್ಯಾಂಕ್ ಅಂದರೆ ಒಂದೇ ಸಿಲಬಸ್ ಓದಿ, ಒಂದೇ ಪೇಪರ್ ಬರೆದು, ನನ್ನಂಥ ಕೈ ಬಿಗಿಯವರಿಂದಲೇ ಮಾರ್ಕ್ಸ್ ತಗೊಂಡವರ ನಡುವಿನ ಹೋಲಿಕೆ. ನಾನು ಎಲ್ಲರಿಗೂ ಬಿಗಿ ಹಿಡಿದಿದ್ದರೆ ಮೊದಲು ಬಂದವಳು ಮೊದಲೇ. ಈಗ ನೋಡೋದು ಡಿಗ್ರಿಯ ಮಾರ್ಕ್ಸನ್ನ, ಅದೂ ದೇಶದ ಎಲ್ಲ ಯೂನಿವರ್ಸಿಟಿಗಳದ್ದನ್ನ ಒಂದೇ ತಕ್ಕಡಿಗೆ ಹಾಕಿ. ಕೆಲವು ಕಡೆ ನೂರಕ್ಕೆ ನಲವತ್ತು ಇಂಟರ್ನಲ್ (ಕಾಲೇಜಿನವರೇ ಕೊಡೋ ಮಾರ್ಕ್ಸ್), ಕೆಲವು ಕಡೆ ಇಪ್ಪತ್ತು. ಕೆಲವು ಕಡೆ ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆದು ಅವರೇ ತಿದ್ದುತ್ತಾರೆ. ನಮ್ಮ ಕಡೆ ಕೋಡ್ ಹಾಕಿದ ಬಂಡಲ್ ಯಾರ ಟೇಬಲ್ಲಿಗೆ ಬೀಳುತ್ತೋ ದೇವರಿಗೇ ಗೊತ್ತು. ಹೀಗಿರುವಾಗ 81ನ್ನೂ 91ನ್ನೂ ಪಕ್ಕಪಕ್ಕ ಇಟ್ಟರೆ ಅಳೆದದ್ದು ಹುಡುಗಿಯರನ್ನೋ, ಅವರ ಮೇಷ್ಟ್ರುಗಳನ್ನೋ?

ನ್ಯಾಯವಾಗಿ ಅಳೆಯೋದು ಮಾಡೋಕಾಗದ ಕೆಲಸವೇನಲ್ಲ. ವಿಜ್ಞಾನ ಓದೋರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆಯಲ್ಲ, ವರ್ಷಕ್ಕೆ 80,000 ಕೊಡೋದು, ಅದರಲ್ಲಿ ಹನ್ನೆರಡನೇ ಕ್ಲಾಸಿನಲ್ಲಿ ಆಯಾ ಬೋರ್ಡಿನ ಮೇಲಿನ ಶೇ 1ರೊಳಗೆ ಬಂದವರನ್ನ ತಗೋತಾರೆ. ಒಂದೊಂದು ಬೋರ್ಡ್ ಒಂದೊಂದು ರೀತಿ ಮಾರ್ಕ್ಸ್ ಕೊಡುತ್ತೆ ಅಂತ ಅಲ್ಲಿ ಯಾರಿಗೋ ಹೊಳೆದಿದೆ. ಅದೇ ಬುದ್ಧಿಯನ್ನ ಪಿಜಿಗೂ ಓಡಿಸಿ, ಮಾರ್ಕ್ಸ್ ಕಾರ್ಡ್ ಜೊತೆಗೆ ನಿಮ್ಮ ಯೂನಿವರ್ಸಿಟಿಯಲ್ಲಿ ನೀವು ಎಷ್ಟನೆಯವರು ಅಂತ ಒಂದು ಕಾಲಂ ಇಟ್ಟರೆ ಸಾಕು.

ಸ್ಕಾಲರ್‌ಶಿಪ್ ಸಿಗೋರು ಕಡಿಮೆ ಅನ್ನೋದನ್ನ ನಾನು ದೊಡ್ಡದು ಮಾಡಲ್ಲ. 2021-22ರ ಸರ್ಕಾರದ್ದೇ ಲೆಕ್ಕದಲ್ಲಿ ಉನ್ನತ ಶಿಕ್ಷಣದಲ್ಲಿದ್ದವರು 4.33 ಕೋಟಿ, ಪಿಜಿಯವರು ಅದರಲ್ಲಿ ಶೇ 12ರಷ್ಟು. ಅರ್ಧ ಮಂದಿ ಮೊದಲ ವರ್ಷದವರು ಅಂತಿಟ್ಟುಕೊಂಡರೂ 250ಕ್ಕೆ ಒಬ್ಬರಿಗೆ ಸಿಕ್ಕರೆ ಹೆಚ್ಚು. ಮೆರಿಟ್ ಸ್ಕಾಲರ್‌ಶಿಪ್ ಅಂದಮೇಲೆ ಅದು ಇರೋದೇ. ಆದರೆ ಆ ಒಬ್ಬರನ್ನ ಆರಿಸೋ ಜರಡಿಯ ಕಣ್ಣು ಎಲ್ಲ ಕಡೆ ಒಂದೇ ಇರಬೇಕೋ ಬೇಡವೋ?

ಅಂದ ಹಾಗೆ, ಅರ್ಜಿ ಹಾಕೋದೇ ಒಂದು ಪಿಎಚ್‌ಡಿ. ನಾನೂ ಅವಳ ಜೊತೆ ಬ್ಯಾಂಕಿಗೆ ಹೋಗಿದ್ದೆ. "ಆಧಾರ್ ಲಿಂಕ್ ಆಗಿದೆ ಮೇಡಂ, ಸೀಡ್ ಆಗಿಲ್ಲ" ಅಂದ ಕೌಂಟರಿನ ಹುಡುಗ. ಎರಡಕ್ಕೂ ಏನಪ್ಪಾ ವ್ಯತ್ಯಾಸ ಅಂದರೆ, ಲಿಂಕ್ ಅಂದ್ರೆ ನಮ್ಮ ಬ್ಯಾಂಕಿಗೆ ಗೊತ್ತು, ಸೀಡ್ ಅಂದ್ರೆ ಸರ್ಕಾರದ ದುಡ್ಡು ಎಲ್ಲಿಗೆ ಬೀಳಬೇಕು ಅಂತ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳೋ ಎನ್‌ಪಿಸಿಐಗೆ ಗೊತ್ತು ಅಂತ ಪಾಠ ಮಾಡಿದ. ಅವಳ ಆಧಾರ್ ಹೈಸ್ಕೂಲಿನಲ್ಲಿ ಮಾಡಿಸಿದ್ದ ಯಾವುದೋ ಹಳೇ ಅಕೌಂಟಿಗೆ ಅಂಟಿಕೊಂಡಿತ್ತು. ಪಾಸ್‌ಬುಕ್ ಕಳೆದುಹೋಗಿತ್ತು. ಮೂರು ಸಲ ಓಡಾಡಿ ಅದನ್ನ ಬಿಡಿಸಿದೆವು. ಪಾಪ, ಅಷ್ಟು ಓಡಾಡಿದ್ದು ಬರದೇ ಇದ್ದ ದುಡ್ಡಿಗೆ.

ಮೊನ್ನೆ ಫೋನ್ ಮಾಡಿದ್ದಳು. ಶನಿವಾರ ಭಾನುವಾರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗ್ತಿದ್ದಾಳಂತೆ, ಮೆಸ್ ಖರ್ಚು ಕಳೆಯುತ್ತೆ ಅಂದಳು. ಮಾತಿನ ಮಧ್ಯೆ, "ಮೇಡಂ, ನನ್ನ ಐದನೇ ಸೆಮ್ ಹಿಸ್ಟರಿ ಪೇಪರ್ ನಿಮಗೇನಾದ್ರೂ ಬಂದಿತ್ತಾ?" ಅಂತ ನಗ್ತಾ ಕೇಳಿದಳು.

ಬಂದಿರಲಿಕ್ಕಿಲ್ಲ ಕಣೇ ಅಂದೆ. ಆ ವರ್ಷದ ಕ್ಯಾಂಪಿನಲ್ಲಿ ನಾನೂ ಕೂತಿದ್ದೆ.