ಬೀಡಿಂಗ್ ಪ್ರಸಂಗ

ಹಳೆಯ ಕಾರಿಗೆ ಮರುಜೀವ ಕೊಡುತ್ತಿದ್ದೇನೆ ಎಂದು ಗೊತ್ತಾದರೆ ನೋಡಲು ಬರುವವರು ಬಹಳ. ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಪೇಂಟಿನ ಮೇಲೆ ಬೆರಳಾಡಿಸುತ್ತಾರೆ, ಸೀಟಿನಲ್ಲಿ ಕೂತು ಸ್ಟೀರಿಂಗ್ ತಿರುವುತ್ತಾರೆ. ಮುಂದಿನ ಗಾಜಿನ ಸುತ್ತ ಇರುವ ಕಪ್ಪು ರಬ್ಬರನ್ನು ನೋಡಿ ‘ಭೇಷ್’ ಅಂದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ. ಮಳೆಯಲ್ಲಿ ಹೊರಟು, ಮೊಣಕಾಲಿನ ಮೇಲೆ ತೊಟಕ್ ಅಂತ ಮೊದಲ ಹನಿ ಬಿದ್ದಾಗಲೇ ಆ ಬೀಡಿಂಗ್‌ನ ನೆನಪು.

ನನ್ನ ಕಾರಿನ ಹಳೆಯ ಬೀಡಿಂಗ್ ಕೀಳಲು ಹೋದರೆ ಒಣಗಿದ ತೊಗಟೆಯ ಹಾಗೆ ಚಟಚಟ ಮುರಿದು ಕೈಗೆ ಬಂತು. ಮೂಲೆಗಳಲ್ಲಂತೂ ಮೊದಲೇ ಬಿರುಕು. ಗಾಳಿಯಲ್ಲಿರುವ ಓಝೋನಿಗೆ ಹಳೆಯ ಕಾಲದ ರಬ್ಬರ್ ಎಂದರೆ ಬಲು ಇಷ್ಟ, ಅದರಲ್ಲೂ ಎಳೆದು ಬಿಗಿದಿಟ್ಟ ರಬ್ಬರ್. ಅದಕ್ಕೇ ಬಿರುಕು ಮೊದಲು ಕಾಣುವುದು ಬಾಗುವ ಜಾಗದಲ್ಲಿ. ಕೆಳಗಿನ ತಗಡಿನ ಕಥೆ ಇನ್ನೂ ಕೆಟ್ಟದ್ದು. ಮುದಿ ಬೀಡಿಂಗ್ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆಚೆ ಹೋಗಲು ಬಿಡುವುದಿಲ್ಲ. ಕೆಳಮೂಲೆಯಲ್ಲಿ ಸ್ಕ್ರೂಡ್ರೈವರ್ ಒತ್ತಿದೆ. ತುದಿ ಆಚೆ ಬಂದು ನನ್ನನ್ನೇ ನೋಡಿತು. ಹೊರಗಿನಿಂದ ನೋಡಿದ್ದರೆ ಒಂದು ಗುಳ್ಳೆಯೂ ಇರಲಿಲ್ಲ. ಮತ್ತೆ ಟಿಂಕರಿಂಗ್, ಮತ್ತೆ ಪ್ರೈಮರ್, ಮತ್ತೆ ಪೇಂಟು. ಆ ತಿಂಗಳುಗಳ ಮಾತು ಬೇಡ.

ಹೊಸ ಬೀಡಿಂಗ್ ಬಂತು, ಎಂಟು ಮಡಿಕೆಯಾಗಿ ಪೊಟ್ಟಣದಲ್ಲಿ ಕೂತು. ಬಿಚ್ಚಿದರೂ ಮಡಿಕೆಯ ಅಭ್ಯಾಸ ಬಿಡಲಿಲ್ಲ. ಬಿಸಿನೀರಿನಲ್ಲಿ ಅದ್ದಿ, ಬಿಸಿಲಿಗೆ ಹರಡಿದ ಮೇಲೆ ಸ್ವಲ್ಪ ಮೆದುವಾಯಿತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸದೇ ಹೋಗಿದ್ದರೆ, ಇದು ಸೆಕೆಗೆ ಅಂಟಂಟಾಗಿ ಚಳಿಗೆ ಸೆಟೆದುಕೊಳ್ಳುವ ವಸ್ತುವಾಗಿಯೇ ಉಳಿಯುತ್ತಿತ್ತು. ಕತ್ತರಿಸಿ ನೋಡಿದರೆ ಎಚ್ ಅಕ್ಷರದ ಆಕಾರ: ಒಂದು ಸಂದಿನಲ್ಲಿ ಗಾಜು, ಇನ್ನೊಂದರಲ್ಲಿ ತಗಡಿನ ಅಂಚು. ಗಾಜಿಗೆ ತಗಡು ತಾಗಕೂಡದು, ತಾಗಿದರೆ ಬಿರುಕು. ಹಾಗೆಂದು ಅಲ್ಲಾಡಲೂಕೂಡದು.

ಸಹಾಯಕ್ಕೆ ಬಂದವನು ನನ್ನ ಭಾವಮೈದುನ. ಗಾಜಿಗೆ ಬೀಡಿಂಗ್ ತೊಡಿಸಿದಾಗ ಎರಡು ಬೆರಳಿನಷ್ಟು ಉದ್ದ ಹೆಚ್ಚಾಯಿತು. ಅವನು ಆಗಲೇ ಬ್ಲೇಡ್ ಹಿಡಿದಿದ್ದ. “ತಡಿಯೋ ಮಾರಾಯ” ಅಂದೆ. ಎಳೆದು ಕೂರಿಸಿದ ರಬ್ಬರ್ ಆಮೇಲೆ ಕುಗ್ಗಿ ಬಾಯಿ ಬಿಡುತ್ತದೆ. ಒತ್ತಿ ತುಂಬಿಸಿದ್ದು ಮೂಲೆಯನ್ನು ಭದ್ರ ಮಾಡುತ್ತದೆ. ಮುಂದಿನ ಸಲಹೆ: “ಗ್ರೀಸ್ ಹಚ್ಚೋಣ ಭಾವ, ಜಾರುತ್ತೆ.” ಜಾರುವುದೇನೋ ಜಾರುತ್ತದೆ. ಆದರೆ ಈಗ ಬೀಡಿಂಗ್‌ಗೆ ಹೆಚ್ಚಾಗಿ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರ್ ಬಿಸಿಲಿಗೆ, ಓಝೋನಿಗೆ ಜಗ್ಗದಿದ್ದರೂ ಎಣ್ಣೆ ಸೋಕಿದರೆ ಉಬ್ಬಿಹೋಗುತ್ತದೆ. ಸೋಪುನೀರೇ ಸಾಕು.

ಇನ್ನು ದಾರದ ಉಪಾಯ. ತಗಡು ಕೂರಬೇಕಾದ ಸಂದಿನೊಳಗೆ ಸುತ್ತಲೂ ಗಟ್ಟಿ ದಾರ ಸೇರಿಸಿ, ಎರಡೂ ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಒಂದರ ಮೇಲೊಂದು ದಾಟಿಸಿ ಇಳಿಬಿಡುವುದು. ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಇಟ್ಟು, ತುದಿಗಳನ್ನು ಕಾರಿನೊಳಕ್ಕೆ ತೆಗೆದುಕೊಳ್ಳುವುದು. ಹೊರಗಿನವನು ಅಂಗೈಯಿಂದ ಒತ್ತಬೇಕು. ಒಳಗಿನವನು ದಾರವನ್ನು ಗಾಜಿನ ನಡುವಿನ ಕಡೆಗೆ ಎಳೆಯಬೇಕು. ದಾರ ಬಂದಷ್ಟು ದೂರ ರಬ್ಬರಿನ ತುಟಿ ಪಟಕ್ಕನೆ ತಗಡಿನಂಚನ್ನು ದಾಟಿ ಒಳಗೆ ಕೂರುತ್ತದೆ. ಬೇರೆ ಎಲ್ಲ ಕಡೆ ಲಾಡಿ ಕಳಚಿ ಹೊರಬಂದರೆ ಮಾನ ಹೋಗುತ್ತದೆ. ಇಲ್ಲಿ ಹೊರಬಂದರೇ ಕಾರ್ಯಸಿದ್ಧಿ.

ಕೆಳಗಿನ ಸಾಲು ಸಲೀಸಾಗಿ ಬಂತು. ಮೂಲೆಯಲ್ಲಿ ದಾರ ಕಚ್ಚಿಕೊಂಡಿತು. “ಎಳೀರಿ ಭಾವ!” ಹೊರಗಿನಿಂದ ಕೂಗು. ಮಡಚಿದ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿತ್ತು, ಸೋಪುನೀರು ತೋಳಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಅವನೋ ಮುಷ್ಟಿ ಎತ್ತಿದ್ದ! ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ಗಾಜು ಅದು. ಎದವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನತಜ್ಞ 1909ರಲ್ಲಿ ಇಂಥದ್ದಕ್ಕೇ ಪೇಟೆಂಟ್ ಪಡೆದದ್ದು. ಒಡೆದರೂ ಚೂರು ಸಿಡಿಯುವುದಿಲ್ಲ, ನಿಜ. ಬಿರುಕು ಬಿಡುವುದಿಲ್ಲ ಅಂತ ಬೆನೆಡಿಕ್ಟಸ್ ಕೂಡ ಹೇಳಿರಲಿಕ್ಕಿಲ್ಲ. ಮೋರಿಸ್ ಮೈನರ್ ಕಾರಿಗೆ 1956ರ ತನಕ ನಡುವೆ ಕಂಬಿ ಇದ್ದ ಎರಡು ಚಪ್ಪಟೆ ಗಾಜು. ಆಮೇಲೆ ಬಾಗಿದ ಒಂದೇ ಗಾಜು ಬಂತು. ನೋಟವೇನೋ ವಿಶಾಲವಾಯಿತು. ಆ ಬಾಗಿಗೆ ಬೀಡಿಂಗ್ ಕೂರಿಸುವವನ ಪಾಡನ್ನು ಯಾರೂ ಕೇಳಿರಲಾರರು.

ಎಳೆಯುವುದು ಬಿಟ್ಟೆ. ಇನ್ನಷ್ಟು ಸೋಪುನೀರು ಚಿಮುಕಿಸಿ ಸುಮ್ಮನೆ ಕೂತೆವು. ಎರಡು ನಿಮಿಷದ ಬಳಿಕ ಅವನು ಬರೀ ಅಂಗೈ ಇಟ್ಟ, ನಾನು ಬೆರಳಗಲ ಎಳೆದೆ. ಪಟಕ್. ಆ ಸದ್ದಿಗಾಗಿ ಇನ್ನೊಂದು ಕಾರು ಕೊಳ್ಳಬಹುದು ಅನ್ನಿಸಿತು, ಮನೆಯಲ್ಲಿ ಹೇಳಲಿಲ್ಲ.

ಸಂಜೆ ನೀರಿನ ಪರೀಕ್ಷೆ. ಪೈಪನ್ನು ಕೆಳಗಿನಿಂದ ಶುರುಮಾಡಿ ನಿಧಾನ ಮೇಲಕ್ಕೆ ಒಯ್ಯಬೇಕು. ಮೇಲಿನಿಂದ ಬಿಟ್ಟರೆ ಎಲ್ಲಿ ಸೋರಿತೆಂದು ತಿಳಿಯುವುದೇ ಇಲ್ಲ. ನಾನು ಒಳಗೆ ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ಬೆರಳಾಡಿಸಿದೆ. ಕೆಳಸಾಲು ಒಣ, ಮೂಲೆಗಳು ಒಣ, ಮೇಲೂ ಒಣ. ಇನ್ನೇನು ಗೆದ್ದೆವು ಅನ್ನುವಾಗ ಮೊಣಕಾಲಿನ ಮೇಲೆ ತೊಟಕ್.

ಮತ್ತೆ ಹುಡುಕಿದೆವು. ಬೀಡಿಂಗ್‌ದು ಏನೂ ತಪ್ಪಿರಲಿಲ್ಲ. ವೈಪರಿನ ಕಡ್ಡಿ ತಗಡನ್ನು ತೂರಿ ಹೊರಬರುವಲ್ಲಿ ಅಂಗಿ ಗುಂಡಿಯಷ್ಟು ಒಂದು ರಬ್ಬರ್ ಬಳೆ ಇರುತ್ತದೆ. ಅದನ್ನು ತರಿಸುವುದೇ ಮರೆತಿತ್ತು.